ಎಷ್ಟು ಚೀಲ ಧೂಳು

ಹಿಟ್ಟಿಗೆ ಬೆಂಕಿ ಹತ್ತುತ್ತದೆ ಎಂದರೆ ಹೊರಗಿನವರು ನಗುತ್ತಾರೆ. ನಾನೂ ನಕ್ಕಿದ್ದೆ. ಗಿರಣಿಗೆ ಸೇರಿದ ಮೊದಲ ವಾರ ಹಳೆಯ ಮೇಸ್ತ್ರಿ ನನ್ನನ್ನು ಅಂಗಳಕ್ಕೆ ಕರೆದೊಯ್ದು, ಸೀಮೆಎಣ್ಣೆ ಬುಡ್ಡಿ ಹಚ್ಚಿಟ್ಟು, ಒಂದು ಹಿಡಿ ಹಿಟ್ಟನ್ನು ಅಂಗೈಯಿಂದ ಅದರ ಮೇಲೆ ಊದಿದ. ಭುಸ್ ಎಂದು ಆಳೆತ್ತರದ ಉರಿ ಎದ್ದಿತು. ನನ್ನ ಎಡಹುಬ್ಬು ಹೋಯಿತು.

"ಇದು ಒಂದು ಹಿಡಿ. ಒಳಗೆ ಐದು ಮಹಡಿ ತುಂಬ ಇದೆ. ನೆನಪಿಟ್ಕೋ," ಎಂದ. ಅವನು ಕೊಟ್ಟ ತರಬೇತಿ ಅಷ್ಟೇ.

ಅದಾಗಿ ಇಪ್ಪತ್ತೆರಡು ವರ್ಷ. ಆ ಮೇಸ್ತ್ರಿ ಸತ್ತು, ಅವನ ಜಾಗಕ್ಕೆ ನಾನು ಬಂದೆ. ಬೆಳಗಿನ ಪಾಳಿಯ ಹನ್ನೊಂದು ಜನ ನನ್ನ ಕೈಕೆಳಗೆ. ಅವರಲ್ಲಿ ಒಬ್ಬ ನನ್ನ ಹೆಂಡತಿಯ ತಮ್ಮ. ಕಡ್ಡಿಯಂಥ ಮೈ, ಏಣಿ ಕಂಡರೆ ಹತ್ತುವ ಚಟ, ಹಾಗಾಗಿ ಎಲ್ಲರೂ ಅವನನ್ನು ಗುಬ್ಬಿ ಎನ್ನುತ್ತಿದ್ದರು. ಐದನೇ ಮಹಡಿಯಲ್ಲಿ ತೂಗುವ ದೊಡ್ಡ ಜರಡಿಗಳ ಜವಾಬ್ದಾರಿ ಅವನದು. ಅವನನ್ನು ಕೆಲಸಕ್ಕೆ ಸೇರಿಸಿದವನು ನಾನು. ಸೇರಿಸುವಾಗ ನನ್ನ ಹೆಂಡತಿ ಒಂದೇ ಮಾತು ಹೇಳಿದ್ದಳು. "ಅಪ್ಪ ಅಮ್ಮ ಇಲ್ಲದ ಹುಡುಗ ಅಂತ ನಾನು ಎತ್ತಿ ಆಡಿಸಿದೀನಿ. ಅವನಿಗೆ ಏನಾದ್ರೂ ಆದ್ರೆ ನಿಮ್ಮ ಮುಖ ನೋಡಲ್ಲ." ಈಗ ಅವನಿಗೆ ಮೂವತ್ತು ದಾಟಿದೆ. ಅವಳಿಗೆ ಈಗಲೂ ಹುಡುಗನೇ.

ಹಳೆಯ ಮೇಸ್ತ್ರಿ ಬಿಟ್ಟುಹೋದ ಪದ್ಧತಿ ಒಂದಿತ್ತು. ಪಾಳಿಗೊಮ್ಮೆ ಮೇಸ್ತ್ರಿಯಾದವನು ಐದೂ ಮಹಡಿ ಹತ್ತಬೇಕು. ಪ್ರತಿ ಮಹಡಿಯಲ್ಲೂ ನಡುವಿನ ಕಬ್ಬಿಣದ ತೊಲೆಯ ಮೇಲೆ ಬೆರಳಿನಿಂದ ತನ್ನ ಹೆಸರು ಬರೆಯಬೇಕು. ತೊಲೆಗೆ ಬಳಿದ ಹಸಿರು ಬಣ್ಣ ಕಾಣುತ್ತಿದ್ದು ಅಕ್ಷರ ಮೂಡದಿದ್ದರೆ ಸರಿ. ಅಕ್ಷರ ಎದ್ದು ಕಂಡರೆ ಧೂಳು ಮಿತಿ ಮೀರಿದೆ ಎಂದರ್ಥ. ಕೂಡಲೇ ಗಿರಣಿ ನಿಲ್ಲಿಸಿ ಪೊರಕೆ, ಒದ್ದೆ ಬಟ್ಟೆ ಹಿಡಿದು ಎಲ್ಲರೂ ಆ ಮಹಡಿಗೆ. ಇದಕ್ಕೆ ನಾವು ಸಹಿ ಹಾಕುವುದು ಎನ್ನುತ್ತಿದ್ದೆವು. ರಟ್ಟಿನ ಪುಸ್ತಕದಲ್ಲಿ ದಿನಾ ಒಂದು ಸಾಲು: ಸಹಿ ಮೂಡಲಿಲ್ಲ, ಅಥವಾ ಸಹಿ ಮೂಡಿತು, ನಿಲ್ಲಿಸಿ ಗುಡಿಸಿದೆವು. ನಲವತ್ತು ವರ್ಷ ಆ ಕಟ್ಟಡ ನಿಂತಿದ್ದು ಆ ಒಂದು ಸಾಲಿನಿಂದ.

ಗಿರಣಿ ಕೈ ಬದಲಾಯಿತು. ಹೊಸ ಸಾಹೇಬರು ಬಂದರು. ಕೆಟ್ಟವರಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುತ್ತಿದ್ದರು, ಯಾರಿಗೂ ಏಕವಚನ ಹಾಕುತ್ತಿರಲಿಲ್ಲ. ಆದರೆ ಮಹಡಿ ಹತ್ತುತ್ತಿರಲಿಲ್ಲ. ಅವರ ಕಚೇರಿಯಲ್ಲಿ ಗಾಜಿನ ಮೇಜು, ಅದರ ಮೇಲೆ ಕಂಪ್ಯೂಟರು. ರಟ್ಟಿನ ಪುಸ್ತಕ ನೋಡಿ, "ಇದೇನು ಮೇಸ್ತ್ರಿ, ದಿನಾ ಒಂದೇ ಕಥೆ ಬರೆದಿದ್ದೀರಿ?" ಎಂದರು. ಅದರ ಬದಲು ಇಂಗ್ಲಿಷಿನ ಒಂದು ಫಾರಂ ಬಂತು. ತುಂಬ ಚೌಕಗಳು. ಪ್ರತಿ ಚೌಕದಲ್ಲೂ ಒಂದು ಅಂಕಿ ಬೇಕು. ಎಷ್ಟು ಚೀಲ ಗೋಧಿ, ಎಷ್ಟು ಚೀಲ ಹಿಟ್ಟು, ಎಷ್ಟು ಬೆಲ್ಟು ಬದಲಾಯಿಸಿದಿರಿ, ಎಷ್ಟು ನಿಮಿಷ ಯಂತ್ರ ನಿಂತಿತ್ತು. ಮೂರು ತಿಂಗಳಲ್ಲಿ ಮೇಸ್ತ್ರಿಗಳೆಲ್ಲ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು, ಇಲ್ಲದಿದ್ದರೆ ಮತ್ತೆ ಚೀಲ ಹೊಲಿಯುವ ಕೆಲಸ. ನಾನು ಓದಿದ್ದು ಹಳ್ಳಿಶಾಲೆಯಲ್ಲಿ ಏಳನೇ ಕ್ಲಾಸು. ಇಂಗ್ಲಿಷ್ ಎಂದರೆ ನನಗೆ ಔಷಧಿ ಬಾಟಲಿಯ ಮೇಲಿನ ಅಕ್ಷರ.

ಪಾಠ ಕ್ಯಾಂಟೀನಿನಲ್ಲಿ, ಮಧ್ಯಾಹ್ನ ಎರಡಕ್ಕೆ, ಪಾಳಿ ಬದಲಾಗುವ ಹೊತ್ತಿಗೆ. ಕಲಿಸಲು ಬಂದವರು ಕೆಲಸದಿಂದ ನಿವೃತ್ತರಾದ ಒಬ್ಬ ಟೀಚರು. ಕುಳ್ಳಗಿನ ಹೆಂಗಸು, ಒಂದು ಕಾಲು ಸ್ವಲ್ಪ ಎಳೆಯುತ್ತಿದ್ದರು. ಬಾಯಿ ಮಾತ್ರ ಚುರುಕು. ಬೆಳಗಿನ ಪಾಳಿಯ ಮೇಸ್ತ್ರಿ ನಾನು, ಎರಡನೇ ಪಾಳಿಯ ಮೇಸ್ತ್ರಿ, ಗೇಟಿನ ಕಾವಲುಗಾರ, ಮತ್ತೆ ಸುಮ್ಮನೆ ತಮಾಷೆ ನೋಡಲು ಬರುತ್ತಿದ್ದ ಗುಬ್ಬಿ. ಇಷ್ಟೇ ವಿದ್ಯಾರ್ಥಿಗಳು.

ಆ ದಿನ ಟೀಚರು ಮೇಜಿನ ಮೇಲೆ ಒಂದು ಲೋಟ ನೀರು, ಒಂದು ಬಟ್ಟಲು ಉಪ್ಪು, ನಾಲ್ಕು ಚಮಚ ಇಟ್ಟರು.

"ಚಮಚ ಎಷ್ಟು?"

"ನಾಲ್ಕು," ಎಂದೆವು.

"ಉಪ್ಪು ಎಷ್ಟು?"

"ಒಂದು ಬಟ್ಟಲು," ಎಂದ ಕಾವಲುಗಾರ.

"ನಾನು ಬಟ್ಟಲು ಕೇಳಲಿಲ್ಲ. ಉಪ್ಪು ಎಷ್ಟು? ಎಣಿಸಿ ಹೇಳಿ."

"ಎಣಿಸ್ತೀನಿ ಟೀಚರ್, ಒಂದು ವಾರ ರಜಾ ಕೊಡಿಸಿ," ಎಂದ ಗುಬ್ಬಿ. ಎಲ್ಲರೂ ನಕ್ಕೆವು. ಟೀಚರೂ ನಕ್ಕರು.

ಹಾಗೆ ಶುರುವಾಯಿತು. ಎಣಿಸಬಹುದಾದದ್ದು ಕೌಂಟಬಲ್, ಎಣಿಸಲಾಗದ್ದು ಅನ್‌ಕೌಂಟಬಲ್. ಚಮಚಕ್ಕೆ ಹೌ ಮೆನಿ, ಉಪ್ಪಿಗೆ ಹೌ ಮಚ್. ನಮ್ಮ ಭಾಷೆಯಲ್ಲಿ ಎರಡಕ್ಕೂ ಎಷ್ಟು ಎಂದರೆ ಮುಗಿಯಿತು, ಇವರಿಗೆ ಯಾಕೆ ಎರಡು ಎಂದು ನನಗೆ ಸಿಟ್ಟೇ ಬಂತು.

"ಕುರ್ಚಿ ಎಣಿಸಬಹುದು, ಮೇಜು ಎಣಿಸಬಹುದು. ಆದರೆ ಫರ್ನಿಚರ್ ಎಣಿಸೋ ಹಾಗಿಲ್ಲ," ಎಂದರು ಟೀಚರು.

"ಅದ್ಯಾವ ನ್ಯಾಯ ಟೀಚರ್? ಎರಡೂ ಒಂದೇ ಅಲ್ವಾ?" ಎಂದೆ.

"ನ್ಯಾಯ ಕೋರ್ಟಲ್ಲಿ ಕೇಳಿ. ಇಲ್ಲಿ ಬಾಯಿಪಾಠ ಮಾಡಿ."

"ಕೂದಲು?" ಎಂದು ಗುಬ್ಬಿ ನನ್ನ ತಲೆಯತ್ತ ಕೈ ತೋರಿಸಿದ. "ಅನ್‌ಕೌಂಟಬಲ್ ಅಂತೀರಿ. ನಮ್ಮ ಭಾವಂದು ಎಣಿಸಬಹುದು ನೋಡಿ, ಹನ್ನೆರಡೋ ಹದಿಮೂರೋ ಇರಬೇಕು."

"ನಿನ್ನ ಹಲ್ಲೂ ಎಣಿಸೋ ಹಾಗೆ ಮಾಡ್ತೀನಿ, ಸುಮ್ನೆ ಕೂತ್ಕೋ," ಎಂದೆ.

ಪಾಠದ ಕೊನೆಗೆ ಟೀಚರು ಒಂದು ಉಪಾಯ ಹೇಳಿದರು. ಎಣಿಸಲಾಗದ್ದನ್ನು ಎಣಿಸಬೇಕಾದರೆ ಒಂದು ಪಾತ್ರೆಗೆ ತುಂಬಬೇಕು. ನೀರು ಎಣಿಸಲಾಗದು, ಲೋಟ ಎಣಿಸಬಹುದು. ಹಿಟ್ಟು ಎಣಿಸಲಾಗದು, ಚೀಲ ಎಣಿಸಬಹುದು. ಎ ಗ್ಲಾಸ್ ಆಫ್ ವಾಟರ್. ಎ ಬ್ಯಾಗ್ ಆಫ್ ಸಾಲ್ಟ್. ನನ್ನ ತಲೆಯಲ್ಲಿ ಏನೋ ಹೊಳೆಯಿತು. ಆ ವಯಸ್ಸಿನಲ್ಲಿ ಏನಾದರೂ ಹೊಳೆದರೆ ಆಗುವ ಖುಷಿ ಬಹಳ ಕೆಟ್ಟದ್ದು.

ಹೊಸ ಫಾರಂನಲ್ಲಿ ಧೂಳಿಗೆ ಚೌಕ ಇರಲಿಲ್ಲ. ಸಹಿ ಮೂಡಿತು ಎಂದು ಬರೆಯಲು ಎಲ್ಲೂ ಜಾಗ ಇರಲಿಲ್ಲ. ಅದಕ್ಕೆ ನಾನು ಸಾಹೇಬರ ಜೊತೆ ಎರಡು ಸಲ ಜಗಳ ಆಡಿದ್ದೆ. ಅವರು ಎರಡೂ ಸಲ ಒಂದೇ ಮಾತು: "ಬೆರಳಲ್ಲಿ ಬರೆದು ನೋಡೋದು ಅಳತೆ ಅಲ್ಲ ಮೇಸ್ತ್ರಿ. ಸಂಖ್ಯೆ ಕೊಡಿ, ಚೌಕ ಹಾಕಿಸ್ತೀನಿ."

ಪಾಠ ಮುಗಿಸಿ ನೇರ ಅವರ ಕಚೇರಿಗೆ ಹೋದೆ. ನಮ್ಮಲ್ಲಿ ಪ್ರತಿ ಯಂತ್ರಕ್ಕೂ ತಗಡಿನ ಕೊಳವೆ ಜೋಡಿಸಿದೆ. ಅಂಗಳದ ಮೂಲೆಯಲ್ಲಿ ಒಂದು ದೊಡ್ಡ ಫ್ಯಾನು ಆ ಕೊಳವೆಗಳಿಂದ ಧೂಳನ್ನು ಎಳೆದು ಕೆಳಗೆ ಕಟ್ಟಿದ ಚೀಲಗಳಿಗೆ ಬೀಳಿಸುತ್ತದೆ.

"ಆ ಚೀಲ ಎಣಿಸೋಣ ಸಾಹೇಬ್ರೇ," ಎಂದೆ. "ಬ್ಯಾಗ್ಸ್ ಆಫ್ ಡಸ್ಟ್. ಪಾಳಿಗೆ ಎಷ್ಟು ಚೀಲ ಧೂಳು, ಅದೇ ಸಂಖ್ಯೆ."

ಅವರು ಎದ್ದು ನಿಂತು ನನ್ನ ಕೈ ಕುಲುಕಿದರು. ಮರುದಿನವೇ ಫಾರಂನಲ್ಲಿ ಚೌಕ ಬಂತು. ನನ್ನ ಚೌಕ. ಟೀಚರಿಗೆ ಹೇಳಿದಾಗ ಅವರು ಕನ್ನಡಕ ಒರೆಸುತ್ತ, "ಚೀಲ ಎಣಿಸ್ತಿದ್ದೀರಿ, ಧೂಳನ್ನಲ್ಲ. ನೆನಪಿರಲಿ," ಎಂದರು. ಟೀಚರಿಗೆ ತಿದ್ದುವ ಚಟ ಬಿಡದು ಎಂದುಕೊಂಡೆ.

ಮೊದಲ ವಾರ ಪಾಳಿಗೆ ಆರು ಚೀಲ. ಮೂರನೇ ವಾರಕ್ಕೆ ಐದು. ಆಮೇಲೆ ನಾಲ್ಕು, ಮೂರು. ಸಾಹೇಬರು ಅದರ ಗೆರೆ ಬರೆಸಿ ಗೋಡೆಗೆ ಅಂಟಿಸಿದರು. ಗೆರೆ ಮೆಟ್ಟಿಲಿಳಿಯುವ ಹಾಗೆ ಕೆಳಗಿಳಿಯುತ್ತಿತ್ತು. "ಧೂಳು ಅರ್ಧಕ್ಕೆ ಅರ್ಧ ಕಡಿಮೆ ಆಗಿದೆ. ಇದಕ್ಕೆ ಕಾರಣ ನಮ್ಮ ಮೇಸ್ತ್ರಿ," ಎಂದು ಎಲ್ಲರೆದುರು ಹೇಳಿದರು. ನಾನು ಹಲ್ಲು ಕಿರಿದು ನಿಂತೆ. ಸಂಖ್ಯೆ ಇರುವಾಗ ಮಹಡಿ ಹತ್ತಿ ಸಹಿ ಹಾಕುವ ಕೆಲಸ ಯಾಕೆ ಎಂದು ಅವರೇ ಅದನ್ನು ನಿಲ್ಲಿಸಿದರು. ನಾನು ಒಂದು ಮಾತೂ ಆಡಲಿಲ್ಲ. ನಿಜ ಹೇಳಬೇಕೆಂದರೆ, ನೂರಾ ಹತ್ತು ಮೆಟ್ಟಿಲು ತಪ್ಪಿತಲ್ಲ ಎಂದು ಮಂಡಿಗೆ ಖುಷಿಯಾಗಿತ್ತು.

ಒಂದು ದಿನ ಗುಬ್ಬಿ ಪಾಳಿ ಮುಗಿಸಿ ಬಂದು, "ಭಾವ, ಮೇಲೆ ಧೂಳು ಬಹಳ ಆಗಿದೆ," ಎಂದ.

"ಬಹಳ ಅಂದ್ರೆ ಎಷ್ಟು?"

"ಬಹಳ ಅಂದ್ರೆ ಬಹಳ."

"ಬಹಳ ಅಂತ ಬರೆಯೋಕೆ ಚೌಕ ಇಲ್ಲ. ಕೆಳಗೆ ಚೀಲ ನೋಡು, ಎರಡೇ ಇವತ್ತು. ಧೂಳು ಕಡಿಮೆ ಆಗ್ತಿದೆ."

ಅವನು ನನ್ನ ಮುಖ ನೋಡಿದ. ಏನೋ ಹೇಳಲು ಹೊರಟು ಕೆಮ್ಮಿದ. ಆಮೇಲೆ, "ಇಂಗ್ಲಿಷ್ ಕಲಿತ ಮೇಲೆ ನೀವು ಬಹಳ ಬುದ್ಧಿವಂತರಾದ್ರಿ ಭಾವ," ಎಂದು ನಕ್ಕು ಹೋದ. ಆ ಕೆಮ್ಮು ಅವನಿಗೆ ಮೊದಲು ಇರಲಿಲ್ಲ. ನಾನು ಗಮನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಗಮನಿಸಿ ಬಿಟ್ಟೆ.

ಕಣ್ಣು ತೆರೆಸಿದವಳು ನನ್ನ ಹೆಂಡತಿ. ತಮ್ಮನ ಅಂಗಿಗಳನ್ನು ಅವಳೇ ಒಗೆಯುತ್ತಾಳೆ. ಒಂದು ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಾಗ ಬಚ್ಚಲ ಬಾಗಿಲಲ್ಲಿ ಬಕೆಟ್ಟು ಹಿಡಿದು ನಿಂತಿದ್ದಳು.

"ಇದನ್ನ ನೋಡಿ."

ಬಕೆಟ್ಟಿನ ನೀರು ನೀರಾಗಿರಲಿಲ್ಲ. ಗೋಡೆಗೆ ಪೋಸ್ಟರು ಅಂಟಿಸುವ ಗೋಂದಿನ ಹಾಗೆ ಮಂದವಾಗಿತ್ತು. ಕೈ ಅದ್ದಿ ಎತ್ತಿದರೆ ಬೆರಳಿನಿಂದ ನೂಲು ನೂಲಾಗಿ ಇಳಿಯುತ್ತಿತ್ತು.

"ಮೊದಲು ಅವನ ಅಂಗಿಗೆ ಎರಡು ನೀರು ಸಾಕಾಗ್ತಿತ್ತು. ಈಗ ಐದು. ಕಿವಿಯೊಳಗೆ ಹಿಟ್ಟು, ರೆಪ್ಪೆ ಮೇಲೆ ಹಿಟ್ಟು. ರಾತ್ರಿಯೆಲ್ಲ ಕೆಮ್ತಾನೆ. ಏನು ನಡೀತಿದೆ ಮೇಲೆ?"

"ಏನೂ ಇಲ್ಲ ಕಣೇ. ಧೂಳು ಕಡಿಮೆ ಆಗಿದೆ. ನಿನ್ನೆ ಬರೀ ಒಂದು ಚೀಲ ಬಿತ್ತು."

"ಮೊದಲು?"

"ಆರು."

"ಗೋಧಿ ಕಡಿಮೆ ಮಾಡಿದೀರಾ?"

"ಇಲ್ಲ. ಜಾಸ್ತಿನೇ ಬೀಸ್ತಿದ್ದೀವಿ."

ಅವಳು ಬಕೆಟ್ಟನ್ನು ನೆಲಕ್ಕೆ ಕುಕ್ಕಿದಳು. "ಹಾಗಾದ್ರೆ ಬಾಕಿ ಐದು ಚೀಲ ಎಲ್ಲಿಗೆ ಹೋಗ್ತಿದೆ ದಿನಾ?"

ಶಾಲೆ ಕಂಡಿಲ್ಲದ ಹೆಂಗಸು. ಎರಡು ತಿಂಗಳು ಸಾಹೇಬರು, ನಾನು, ಇಂಗ್ಲಿಷಿನ ಫಾರಂ, ಗೋಡೆಯ ಗೆರೆ, ಯಾರೂ ಕೇಳದ ಪ್ರಶ್ನೆಯನ್ನು ಬಕೆಟ್ಟು ಹಿಡಿದು ಕೇಳಿದಳು. ಚೀಲಕ್ಕೆ ಬೀಳದ ಧೂಳು ಹುಟ್ಟಿಯೇ ಇಲ್ಲ ಎಂದುಕೊಂಡಿದ್ದೆವು ನಾವು. ಅದು ಹುಟ್ಟಿತ್ತು. ಎರಡನೇ ಪಾಳಿಯದೂ ಸೇರಿ ದಿನಕ್ಕೆ ಹತ್ತು ಚೀಲದಷ್ಟು, ಆ ಕಟ್ಟಡದೊಳಗೇ ಕೂತಿತ್ತು.

"ಗುಬ್ಬಿ ಎಲ್ಲಿ?"

"ಆಗಲೇ ಹೋದ. ಸಾಹೇಬ್ರು ಬೇಗ ಬರೋಕೆ ಹೇಳಿದ್ರಂತೆ."

ನಾನು ಗಿರಣಿ ಮುಟ್ಟಿದಾಗ ಯಂತ್ರಗಳು ಓಡುತ್ತಿದ್ದವು. ದೂರದಿಂದಲೇ ನೆಲದಲ್ಲಿ ಆ ನಡುಕ ಕಾಲಿಗೆ ಸಿಗುತ್ತದೆ. ಹಾಜರಿ ಹಾಕದೆ ಮೆಟ್ಟಿಲು ಹತ್ತಿದೆ. ಎರಡನೇ ಮಹಡಿಯ ತೊಲೆಯ ಮೇಲೆ ಬೆರಳು ಎಳೆದೆ. ಅಕ್ಷರ ಮೂಡಿತು. ಮೂರನೆಯದರಲ್ಲಿ ಅಕ್ಷರಕ್ಕೆ ಅಂಚು ಬಂತು. ನಾಲ್ಕನೆಯದರಲ್ಲಿ ಉಗುರು ಮುಳುಗಿತು. ಅಲ್ಲೇ ಕಾರಣವೂ ಕಂಡಿತು. ಮೇಲಿನಿಂದ ಇಳಿಯುವ ದಪ್ಪ ಕೊಳವೆಯ ಜೋಡಣೆಗೆ ಕಟ್ಟಿದ ಬಟ್ಟೆ ಮೊಳದುದ್ದ ಹರಿದು ಬಾಯಿ ಬಿಟ್ಟಿತ್ತು. ಅಂಗಳದ ಫ್ಯಾನು ಆ ಹರಿದ ಬಾಯಿಯಿಂದ ಬರೀ ಗಾಳಿ ಎಳೆಯುತ್ತಿತ್ತು. ಅದರ ಮೇಲಿನ ಕೊಳವೆಯಲ್ಲಿ ಧೂಳು ಕೂತು ಗಟ್ಟಿಯಾಗಿ, ಹಿಂದಕ್ಕೆ ಕಕ್ಕುತ್ತಿತ್ತು.

ಐದನೇ ಮಹಡಿಯಲ್ಲಿ ಸಹಿ ಹಾಕುವ ಮಾತೇ ಇರಲಿಲ್ಲ. ತೊಲೆ ಕಾಣಿಸುತ್ತಿರಲಿಲ್ಲ. ತೊಲೆಯ ಮೇಲೆ, ಪೈಪುಗಳ ಮೇಲೆ, ದೀಪದ ತಂತಿಯ ಮೇಲೆ ಧೂಳು ಹತ್ತಿ ತುಂಬಿದ ಹಾಸಿಗೆಯ ಹಾಗೆ ಉಬ್ಬಿ ಕೂತಿತ್ತು. ಕಿಟಕಿಯ ಗಾಜಿನಿಂದ ಬರುವ ಬೆಳಕು ಹಾಲಿನ ಹಾಗಿತ್ತು. ಆ ಬೆಳಕಿನಲ್ಲಿ ಆರು ಜರಡಿಗಳು, ಒಂದೊಂದೂ ಬೀರುವಿನಷ್ಟು ದೊಡ್ಡವು, ಬೆತ್ತಗಳಿಗೆ ತೂಗಿಬಿದ್ದು ಸುತ್ತುತ್ತಿದ್ದವು. ಅವುಗಳ ನಡುವೆ ಗುಬ್ಬಿ ಬೆನ್ನು ತಿರುಗಿಸಿ ನಿಂತಿದ್ದ. ತಲೆಯಿಂದ ಪಾದದವರೆಗೆ ಬಿಳಿ. ಕೈಯಲ್ಲಿ ಮರದ ಸುತ್ತಿಗೆ. ಕಟ್ಟಿಕೊಂಡ ಕೊಳವೆಗೆ ನಾಲ್ಕು ಹೊಡೆದರೆ ಬಿಡುತ್ತದೆ, ಅದು ನಮ್ಮೆಲ್ಲರ ರೂಢಿ. ನಾನೇ ಅವನಿಗೆ ಕಲಿಸಿದ್ದು. ಈಗ ಹೊಡೆದರೆ ಮೇಲಿನ ಅಷ್ಟೂ ಧೂಳು ಒಂದೇ ಏಟಿಗೆ ಗಾಳಿಗೆ ಏಳುತ್ತಿತ್ತು.

ಕೂಗಿದರೆ ಆ ಗದ್ದಲದಲ್ಲಿ ಕೇಳುವುದಿಲ್ಲ. ಓಡಿದರೆ ನೆಲ ಅದುರಿ ಧೂಳು ಕಳಚುತ್ತದೆ. ಬೆಕ್ಕಿನ ಹಾಗೆ ಹೆಜ್ಜೆ ಇಟ್ಟು ಹೋಗಿ, ಎತ್ತಿದ ಅವನ ಮಣಿಕಟ್ಟು ಹಿಡಿದೆ. ಬೆಚ್ಚಿ ತಿರುಗಿದ. ನಾನು ತಲೆ ಅಲ್ಲಾಡಿಸಿ ಮೇಲೆ ತೋರಿಸಿದೆ. ಆಗ ಮೂಗಿಗೆ ಬಂತು ವಾಸನೆ. ಎಣ್ಣೆ ಸೀಯುವ ವಾಸನೆ. ಗೋಧಿಯನ್ನು ಮೇಲೆತ್ತುವ ಡಬ್ಬಿಗಳ ಪಟ್ಟಿ ತಿರುಗುವ ಗಾಲಿ ಆ ಮೂಲೆಯಲ್ಲಿದೆ. ಅದರ ಬೇರಿಂಗಿನ ಗೂಡಿನ ಮೇಲಿನ ಬಣ್ಣ ಕಂದಾಗಿ ಸುಲಿದಿತ್ತು. ಬೆರಳಿಗೆ ಉಗುಳು ಹಚ್ಚಿ ಮುಟ್ಟಿದೆ. ಚುರ್ ಎಂದಿತು.

ಗಿರಣಿಯನ್ನು ಕ್ರಮವಾಗಿ ನಿಲ್ಲಿಸಲು ಇಪ್ಪತ್ತು ನಿಮಿಷ ಬೇಕು. ಮೊದಲು ಗೋಧಿ ಬಿಡುವ ಬಾಯಿ ಮುಚ್ಚಬೇಕು, ಒಳಗಿರುವುದು ಖಾಲಿಯಾಗಬೇಕು, ಆಮೇಲೆ ಒಂದೊಂದೇ ಯಂತ್ರ. ಆ ಬೇರಿಂಗು ಇಪ್ಪತ್ತು ನಿಮಿಷ ಕೊಡುವ ಸ್ಥಿತಿಯಲ್ಲಿ ಇರಲಿಲ್ಲ. ಕೆಳಗಿನ ಬಾಗಿಲ ಪಕ್ಕದ ಕೆಂಪು ಗುಂಡಿ ಒತ್ತಿದರೆ ಎಲ್ಲವೂ ಒಮ್ಮೆಗೇ ನಿಲ್ಲುತ್ತದೆ. ಆದರೆ ಹಾಗೆ ನಿಂತಾಗ ಈ ಜರಡಿಗಳು ನೀರಿನಿಂದೆದ್ದ ನಾಯಿ ಮೈ ಕೊಡವುವ ಹಾಗೆ ಒದ್ದಾಡುತ್ತವೆ. ಇಡೀ ಮಹಡಿ ಅದುರುತ್ತದೆ. ಗಿರಣಿ ಓಡಿದರೂ ಕಷ್ಟ, ನಿಂತರೂ ಕಷ್ಟ. ನಿಂತಾಗ ಒಳಗೆ ಯಾರೂ ಇಲ್ಲದ ಹಾಗೆ ನೋಡಿಕೊಳ್ಳುವುದೊಂದೇ ನನ್ನ ಕೈಯಲ್ಲಿ ಇದ್ದದ್ದು.

ಗುಬ್ಬಿಯ ಕೈಯಿಂದ ಸುತ್ತಿಗೆ ಕಿತ್ತು ನೆಲದ ಮೇಲೆ ಮೆಲ್ಲಗೆ ಇಟ್ಟೆ. ಅಂಗೈಯನ್ನು ಕುತ್ತಿಗೆಗೆ ಅಡ್ಡ ಎಳೆದೆ. ಗದ್ದಲದಲ್ಲಿ ನಮ್ಮ ಮಾತೆಲ್ಲ ಕೈಯದೇ. ಆ ಸನ್ನೆಗೆ ಅರ್ಥ, ಎಲ್ಲ ಬಿಟ್ಟು ಇಳಿ. ಮಹಡಿ ಮಹಡಿಗೂ ಅದೇ ಸನ್ನೆ ಮಾಡುತ್ತ ಇಳಿದೆವು. ಅಂಗಳದ ಆಚೆಯ ಕಾಂಪೌಂಡಿಗೆ ಬೆನ್ನು ಕೊಟ್ಟು ಹನ್ನೊಂದೂ ಜನ ನಿಂತ ಮೇಲೆ ಗುಂಡಿ ಒತ್ತಿ ನಾನೂ ಓಡಿದೆ.

ಗದ್ದಲ ಸತ್ತಿತು. ಮೇಲಿನಿಂದ ಧಡ್ ಧಡ್ ಎಂದು ಜರಡಿಗಳು ಒದ್ದಾಡುವ ಸದ್ದು. ಐದನೇ ಮಹಡಿಯ ಕಿಟಕಿಗಳು ನಮ್ಮ ಕಣ್ಣೆದುರೇ ಒಂದೊಂದಾಗಿ ಒಳಗಿನಿಂದ ಬೆಳ್ಳಗಾದವು, ಯಾರೋ ಸುಣ್ಣ ಎರಚಿದ ಹಾಗೆ. ಒಂದು ನಿಮಿಷ. ಐದು ನಿಮಿಷ. ಏನೂ ಆಗಲಿಲ್ಲ.

ಆಗಲಿಲ್ಲವಲ್ಲ, ಅದೇ ಮುಳುವಾಯಿತು.

ಸಾಹೇಬರು ಕಚೇರಿಯಿಂದ ಓಡಿ ಬಂದರು. "ಯಾರು ನಿಲ್ಲಿಸಿದ್ದು? ಕೆಂಪು ಗುಂಡಿ ಯಾರು ಒತ್ತಿದ್ದು?"

"ನಾನು. ಮೇಲೆ ಧೂಳು ಮೊಣಕೈಯಷ್ಟಿದೆ. ಬೇರಿಂಗು ಸುಡ್ತಿದೆ."

"ನಿಮ್ಮ ಫಾರಂ ಪ್ರಕಾರ ನಿನ್ನೆ ಒಂದೇ ಚೀಲ ಧೂಳು ಮೇಸ್ತ್ರಿ. ಸಹಿ ನಿಮ್ಮದೇ ಇದೆ."

"ಆ ಫಾರಂ ಸುಳ್ಳು. ಆ ಚೌಕ ಹಾಕಿಸಿದ ನಾನು ಮೂರ್ಖ. ಚೀಲ ಕಡಿಮೆ ಆದ ಹಾಗೆಲ್ಲ ಧೂಳು ಒಳಗೆ ಸೇರ್ತಾ ಇತ್ತು. ಮೇಲೆ ಹತ್ತಿ ನೋಡಿ."

ಅವರು ಹತ್ತಲಿಲ್ಲ. ಕತ್ತೆತ್ತಿ ಕಿಟಕಿ ನೋಡಿದರು. ಅವರ ಮುಖದಲ್ಲಿ ಒಂದು ಗಳಿಗೆ ಹೆದರಿಕೆ ಸುಳಿದದ್ದು ಸುಳ್ಳಲ್ಲ. ಆಮೇಲೆ ಗಡಿಯಾರ ನೋಡಿದರು.

"ಸರಿ. ಧೂಳಿದ್ದರೆ ತೆಗೆಸೋಣ. ಎಷ್ಟು ಹೊತ್ತು ಬೇಕು?"

"ಬೇರಿಂಗು ತಣ್ಣಗಾಗೋ ತನಕ ಯಾರೂ ಒಳಗೆ ಕಾಲಿಡಬಾರದು. ಆಮೇಲೆ ಪೊರಕೆ, ಒದ್ದೆ ಬಟ್ಟೆ, ಎರಡು ದಿನ."

"ಎರಡು ದಿನ? ಗಾಳಿ ಪೈಪು ಇದೆಯಲ್ಲ. ಊದಿದರೆ ಎರಡು ಗಂಟೆ ಕೆಲಸ."

ಅಂಗಳದಲ್ಲಿ ಗಾಳಿ ತುಂಬುವ ಕಂಪ್ರೆಸರ್ ಇದೆ, ಅದರ ರಬ್ಬರ್ ಪೈಪು ಮಹಡಿಗಳಿಗೆ ಹೋಗುತ್ತದೆ. ಅದರಿಂದ ಊದಿದರೆ ಧೂಳು ಹೋಗುವುದಿಲ್ಲ, ಏಳುತ್ತದೆ. ಸುಡುವ ಬೇರಿಂಗಿನ ಸುತ್ತ ಮೋಡವಾಗಿ ನಿಲ್ಲುತ್ತದೆ. ಇದನ್ನು ಹೇಳಿದೆ. ಕೂಗಿ ಹೇಳಿದೆ. ಕೂಗಿದ್ದು ತಪ್ಪಾಯಿತೇನೋ. ನನ್ನ ಬಾಯಿ ಎಂಥದ್ದೆಂದು ಎಲ್ಲರಿಗೂ ಗೊತ್ತು. ಕೂಗಿದಾಗ ವಿಷಯ ಹೋಗಿ ಬರೀ ಕೂಗು ಉಳಿಯುತ್ತದೆ. ಸಾಹೇಬರ ಕೊರಳಪಟ್ಟಿಗೂ ಕೈ ಹಾಕಿದೆ. ಕಾವಲುಗಾರ ಬಂದು ಬಿಡಿಸಿದ.

"ನೀವು ಮನೆಗೆ ಹೋಗಿ," ಎಂದರು ಸಾಹೇಬರು, ಅಂಗಿ ಸರಿ ಮಾಡಿಕೊಳ್ಳುತ್ತ. "ನಾಳೆಯಿಂದ ಬರೋದು ಬೇಡ." ಯಾವುದೋ ಕೆಲಸಕ್ಕೆ ಅವತ್ತು ಬೆಳಿಗ್ಗೆಯೇ ಬಂದಿದ್ದ ಎರಡನೇ ಪಾಳಿಯ ಮೇಸ್ತ್ರಿಯತ್ತ ತಿರುಗಿದರು. "ನೀವು ಕರ್ಕೊಂಡು ಹೋಗಿ. ನಾಲ್ಕು ಜನ ಸಾಕು."

ಆ ಮೇಸ್ತ್ರಿ ನನ್ನ ಮುಖ ನೋಡಲಿಲ್ಲ. ಎದುರಿಗಿದ್ದ ಮೂವರನ್ನು ಹೆಸರು ಹಿಡಿದು ಕರೆದ. ನಾಲ್ಕನೆಯವನಾಗಿ, "ಗುಬ್ಬಿ, ನೀನೂ ಬಾರೋ. ಮೇಲಿನದು ನಿಂಗೇ ಗೊತ್ತಿರೋದು," ಎಂದ.

ಗುಬ್ಬಿ ಹೊರಟ.

"ಎಲ್ಲಿಗೋ?" ಎಂದೆ.

"ಭಾವ, ಬಿಡಿ. ನಿಮ್ಮ ಕೆಲಸ ಹೋಯ್ತು. ನಂದೂ ಹೋದ್ರೆ ಅಕ್ಕ ಏನು ಬೇಯಿಸಿ ಹಾಕ್ತಾಳೆ? ಹುಷಾರಾಗಿ ಊದ್ತೀನಿ."

"ಹುಷಾರಾಗಿ ಊದ್ತೀಯಾ?"

ಅಷ್ಟು ಜನರೆದುರು ಅವನ ಕೆನ್ನೆಗೆ ಬಾರಿಸಿದೆ. ಹಿಟ್ಟು ಹಾರಿತು, ಕೆನ್ನೆಯ ಮೇಲೆ ನನ್ನ ಐದು ಬೆರಳು ಕಪ್ಪಗೆ ಮೂಡಿದವು. ಅವನು ನನಗೆ ತಿರುಗಿ ಹೊಡೆದಿದ್ದರೆ ಸಮಾಧಾನವಾಗುತ್ತಿತ್ತು. ಕಣ್ಣು ಪಿಳಿಪಿಳಿ ಬಿಡುತ್ತ ನಿಂತ. ತೋಳು ಹಿಡಿದು ದರದರ ಎಳೆದುಕೊಂಡು ಗೇಟಿನಿಂದಾಚೆ ಬಂದೆ. ರಸ್ತೆ ದಾಟಿಸಿ, ಸೈಕಲ್ ಅಂಗಡಿಯ ಮುಂದೆ ನಿಲ್ಲಿಸಿದೆ. ನಾನು ಉಳಿಸಿಕೊಳ್ಳಬೇಕಾದವನು ನನ್ನ ಕೈಯಲ್ಲಿದ್ದ. ಹೆಂಡತಿಗೆ ಮುಖ ತೋರಿಸಬಹುದಿತ್ತು.

"ಆ ಮೂರು ಜನ, ಆ ಮೇಸ್ತ್ರಿ?" ಎಂದ ಗುಬ್ಬಿ.

ನಾನು ಗೇಟಿನತ್ತ ತಿರುಗಿ ನೋಡಿದೆ.

"ಅವರಲ್ಲೊಬ್ಬನಿಗೆ ಹೋದ ತಿಂಗಳು ಮಗಳು ಹುಟ್ಟಿದಾಳೆ ಭಾವ."

"ಗೊತ್ತು, ಬಾಯ್ಮುಚ್ಚು."

ಆಗ ಕಾಂಪೌಂಡಿನ ಒಳಗಿನಿಂದ ಕಂಪ್ರೆಸರ್ ಗಡಗಡ ಶುರುವಾದ ಸದ್ದು ಬಂತು. ಟ್ಯಾಂಕು ತುಂಬಲು ಐದಾರು ನಿಮಿಷ. ಆಮೇಲೆ ಊದುತ್ತಾರೆ.

"ಇಲ್ಲಿಂದ ಒಂದು ಹೆಜ್ಜೆ ಆಚೀಚೆ ಹೋದ್ರೆ ಕಾಲು ಮುರಿತೀನಿ," ಎಂದು ಗುಬ್ಬಿಗೆ ಹೇಳಿ ವಾಪಸು ಓಡಿದೆ.

"ಭಾವ, ಅಕ್ಕನಿಗೆ ಏನು ಹೇಳ್ಲಿ?" ಎಂದು ಹಿಂದಿನಿಂದ ಕೂಗಿದ.

"ಊಟಕ್ಕೆ ತಡ ಆಗುತ್ತೆ ಅನ್ನು."

ಕಾವಲುಗಾರ ಗೇಟಿಗೆ ಅಡ್ಡ ನಿಂತ. ನನ್ನ ಮುಖ ನೋಡಿ ಬದಿಗೆ ಸರಿದ. ಕಂಪ್ರೆಸರ್ ಇದ್ದ ತಗಡಿನ ಮನೆಗೆ ಬೀಗ ಹಾಕಿದ್ದರು, ಸಾಹೇಬರು ನನ್ನನ್ನು ಅಷ್ಟು ಅರಿತಿದ್ದರು. ಆದರೆ ಪೈಪು ಹೊರಗೆ ಗೋಡೆಯ ಮೇಲೆ ಹಾದುಹೋಗುತ್ತದೆ. ಚೀಲದ ಹೊಲಿಗೆ ಕತ್ತರಿಸುವ ಬಾಗಿದ ಚೂರಿ ಗಿರಣಿಯವರ ಜೇಬಿನಲ್ಲಿ ಯಾವತ್ತೂ ಇರುತ್ತದೆ. ಪೈಪಿಗೆ ಅದನ್ನು ಸಿಕ್ಕಿಸಿ ಎರಡೂ ಕೈಯಿಂದ ಎಳೆದೆ. ಮೂರನೇ ಎಳೆತಕ್ಕೆ ಪೈಪು ತುಂಡಾಗಿ ಹಾವಿನಂತೆ ಎದ್ದು ನನ್ನ ಮುಖಕ್ಕೆ ಅಪ್ಪಳಿಸಿತು. ತುಟಿ ಒಡೆಯಿತು. ಗಾಳಿ ಸೀಟಿ ಹಾಕುತ್ತ ಅಂಗಳದ ಕಸವನ್ನೆಲ್ಲ ಎಬ್ಬಿಸಿತು.

ಸ್ವಲ್ಪ ಹೊತ್ತಿಗೆ ಎರಡನೇ ಪಾಳಿಯ ಮೇಸ್ತ್ರಿಯೂ ಮೂವರೂ ಇಳಿದು ಬಂದರು. ಬಿಳಿ ಬಿಳಿ. ಕಣ್ಣು ಮಾತ್ರ ಕೆಂಪು.

"ಗಾಳಿ ಯಾಕೆ ನಿಂತುಹೋಯ್ತು? ಈಗ ತಾನೇ ಒಂದು ತೊಲೆ ಊದಿದ್ದೆವು," ಎಂದ ಮೇಸ್ತ್ರಿ. ಆಮೇಲೆ ನನ್ನ ಕೈಯಲ್ಲಿದ್ದ ಚೂರಿಯನ್ನೂ ಪೈಪನ್ನೂ ನೋಡಿದ. ಬೈಯಲಿಲ್ಲ. "ಮೇಲೆ ಏನೂ ಕಾಣಿಸ್ತಿಲ್ಲ ಕಣಯ್ಯಾ," ಎಂದ ಮೆಲ್ಲಗೆ. "ನನ್ನ ಕೈ ನನಗೇ ಕಾಣಿಸ್ತಿಲ್ಲ."

"ಬೇರಿಂಗು?"

"ಹೊಗೆ ಬರ್ತಿತ್ತು ಅನ್ಸುತ್ತೆ. ಹೊಗೆಯೋ ಧೂಳೋ, ಯಾವನಿಗೆ ಗೊತ್ತು."

ಅವರೆಲ್ಲರನ್ನೂ ಆಚೆಯ ಕಾಂಪೌಂಡಿನ ಹತ್ತಿರ ಅಟ್ಟಿದೆ. ಯಾರೂ ಎದುರು ಮಾತಾಡಲಿಲ್ಲ. ಉಳಿದ ಏಳು ಜನ ಮೊದಲೇ ಅಲ್ಲಿದ್ದರು. ಕಾವಲುಗಾರನನ್ನೂ ಕರೆದೆ, ಬಂದ. ರಸ್ತೆಯ ಆಚೆ ಸೈಕಲ್ ಅಂಗಡಿಯ ಮುಂದೆ ಗುಬ್ಬಿ ಹೇಳಿದ ಜಾಗದಲ್ಲೇ ನಿಂತಿದ್ದ.

ಸಾಹೇಬರು ಮಾತ್ರ ಬರಲಿಲ್ಲ. ಗಿರಣಿಯ ಮೆಟ್ಟಿಲ ಬಾಗಿಲಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು. ನನ್ನ ಬಗ್ಗೆಯೇ. ಪೊಲೀಸ್ ಎಂಬ ಮಾತು ಎರಡು ಸಲ ಕೇಳಿಸಿತು. ಅವರ ತಲೆಯ ಮೇಲೆ, ಐದನೇ ಮಹಡಿಯ ಕಿಟಕಿಯ ಸಂದಿನಿಂದ ಧೂಳು ತೆಳುವಾಗಿ, ಅವಸರವಿಲ್ಲದೆ ಇಳಿಯುತ್ತಿತ್ತು. ಹೆಗಲ ಮೇಲೆ ಬಿದ್ದದ್ದನ್ನು ಅವರು ಕೈಯಿಂದ ತಟ್ಟಿಕೊಂಡರು.

"ಸಾಹೇಬ್ರೇ," ಎಂದು ಕೂಗಿದೆ. ಒಡೆದ ತುಟಿಯಿಂದ ಮಾತು ಸರಿಯಾಗಿ ಬರಲಿಲ್ಲ. "ಸಾಹೇಬ್ರೇ, ಬೈಯೋದು ಆಮೇಲೆ ಬೈಯಿರಂತೆ. ಈ ಕಡೆ ಬಂದ್ಬಿಡಿ."

ಅವರು ನನ್ನತ್ತ ನೋಡಿದರು. ಫೋನು ಕಿವಿಯಲ್ಲೇ ಇತ್ತು. ಇನ್ನೊಂದು ಕೈಯ ಬೆರಳೆತ್ತಿ, ತಡೀರಿ, ಒಂದು ನಿಮಿಷ, ಎಂದು ಸನ್ನೆ ಮಾಡಿದರು.